ಆ್ಯಪ್ ಒಳಗೆ ಕುಗ್ಗಿಸಿಟ್ಟ ಕಡತವನ್ನು ಫೋನು ಓದುವ ಬಗೆ

ಅಂತರಜಾಲವಿಲ್ಲದೆ ಕೆಲಸ ಮಾಡುವ ಕನ್ನಡ ನಿಘಂಟಿನ ಆ್ಯಪ್ ಒಂದನ್ನು ಆಂಡ್ರಾಯ್ಡ್ ಫೋನಿಗೆ ಹಾಕಿಕೊಂಡರೆ, ಅದರ ಪದಗಳೂ ಅರ್ಥಗಳೂ ಆ್ಯಪ್ ಜೊತೆಯಲ್ಲೇ ಎಪಿಕೆ ಎಂಬ ಕಡತದೊಳಗೆ ಬಂದಿರುತ್ತವೆ. ಎಪಿಕೆ ಆಂಡ್ರಾಯ್ಡ್‌ಗೆಂದೇ ಹುಟ್ಟಿದ ರೂಪವಲ್ಲ. ಹಲವು ಕಡತಗಳನ್ನು ಕುಗ್ಗಿಸಿ ಒಂದಾಗಿ ಕಟ್ಟಿಡುವ, ಕಂಪ್ಯೂಟರ್ ಬಳಸುವವರೆಲ್ಲ ಬಲ್ಲ ಜಿಪ್ ಕಡತವೇ ಅದು. ಅಮೆರಿಕದ ಫಿಲ್ ಕಾಟ್ಜ್ 1989ರಲ್ಲಿ ತಮ್ಮ ಪಿಕೆವೇರ್ ಸಂಸ್ಥೆಯ ಮೂಲಕ ಜಿಪ್ ರೂಪವನ್ನು ಹೊರತಂದರು. ಅವರ ಹೆಸರಿನ ಪಿ ಮತ್ತು ಕೆ ಅಕ್ಷರಗಳು ಇಂದಿಗೂ ಇಂಥ ಕಡತಗಳ ಮೊದಲ ಎರಡು ಬೈಟುಗಳಾಗಿ ಕಾಣಸಿಗುತ್ತವೆ.

ಜಿಪ್ ಕಡತವನ್ನು ಫೋನು ಹಿಂದಿನಿಂದ ಓದಲು ತೊಡಗುತ್ತದೆ. ಕಟ್ಟಕಡೆಯಲ್ಲಿ ಕನಿಷ್ಠ 22 ಬೈಟುಗಳ ಒಂದು ದಾಖಲೆಯಿದ್ದು, ಒಳಗಿರುವ ಕಡತಗಳ ಪಟ್ಟಿ ಎಲ್ಲಿಂದ ಆರಂಭವಾಗುತ್ತದೆಂದು ಅದು ತಿಳಿಸುತ್ತದೆ. ಪ್ರತಿ ಕಡತದ ಹೆಸರು, ಕುಗ್ಗಿಸುವ ಮೊದಲಿನ ಮತ್ತು ನಂತರದ ಗಾತ್ರ, ಅದು ಇರುವ ಜಾಗ, ಕುಗ್ಗಿಸಿದ ವಿಧಾನ ಎಲ್ಲವೂ ಆ ಪಟ್ಟಿಯಲ್ಲಿವೆ. ವಿಧಾನದ ಸಂಖ್ಯೆ 0 ಆಗಿದ್ದರೆ ಕಡತವನ್ನು ಇದ್ದಂತೆಯೇ ಇಡಲಾಗಿದೆ. 8 ಆಗಿದ್ದರೆ ಡಿಫ್ಲೇಟ್ ವಿಧಾನದಲ್ಲಿ ಕುಗ್ಗಿಸಲಾಗಿದೆ. ಹಾಗಾಗಿ ನೂರಾರು ಕಡತಗಳ ನಡುವೆ ಬೇಕಾದ ಒಂದನ್ನು ಹುಡುಕುವುದು ಕ್ಷಣದ ಕೆಲಸ. ಕಷ್ಟ ಶುರುವಾಗುವುದು ಆ ಕಡತದ ಒಳಕ್ಕೆ ಹೋದ ಮೇಲೆ.

ಡಿಫ್ಲೇಟ್ ಎರಡು ಹಳೆಯ ಉಪಾಯಗಳ ಜೋಡಣೆ. ಅಬ್ರಹಾಂ ಲೆಂಪೆಲ್ ಮತ್ತು ಜೇಕಬ್ ಜಿವ್ 1977ರಲ್ಲಿ ಪ್ರಕಟಿಸಿದ ವಿಧಾನವು ಮರುಕಳಿಸುವ ಭಾಗವನ್ನು ಮತ್ತೆ ಬರೆಯದೆ, ‘ಇಷ್ಟು ಹಿಂದೆ ಹೋಗಿ, ಇಷ್ಟು ಬೈಟುಗಳನ್ನು ಎತ್ತಿಕೊ’ ಎಂಬ ಸೂಚನೆಯನ್ನಷ್ಟೇ ಬರೆಯುತ್ತದೆ. ದಾಸರ ಪದಗಳ ಪುಸ್ತಕದಲ್ಲಿ ಪಲ್ಲವಿಯನ್ನು ಒಮ್ಮೆ ಅಚ್ಚುಹಾಕಿದರೆ ಸಾಕು, ಪ್ರತಿ ಚರಣ ಮುಗಿದಾಗಲೂ ಹಾಡುವವರು ಅಲ್ಲಿಗೆ ಮರಳುತ್ತಾರಲ್ಲ, ಅದೇ ಬಗೆ. ಡಿಫ್ಲೇಟ್‌ನಲ್ಲಿ ಹೀಗೆ ಗರಿಷ್ಠ 32,768 ಬೈಟುಗಳಷ್ಟು ಹಿಂದಕ್ಕೆ ಹೋಗಬಹುದು, ಒಮ್ಮೆಗೆ 258 ಬೈಟುಗಳವರೆಗೆ ಎತ್ತಿಕೊಳ್ಳಬಹುದು. ಬಳಿಕ ಡೇವಿಡ್ ಹಫ್‌ಮನ್ 1952ರಲ್ಲಿ ತೋರಿಸಿಕೊಟ್ಟ ಕ್ರಮದಂತೆ, ಹೆಚ್ಚು ಸಲ ಬರುವುದಕ್ಕೆ ಕಡಿಮೆ ಬಿಟ್‌ಗಳನ್ನೂ ಅಪರೂಪಕ್ಕೆ ಬರುವುದಕ್ಕೆ ಹೆಚ್ಚು ಬಿಟ್‌ಗಳನ್ನೂ ಕೊಡಲಾಗುತ್ತದೆ.

ಕನ್ನಡ ಪಠ್ಯಕ್ಕೆ ಇದರಿಂದ ಆಗುವ ಲಾಭ ದೊಡ್ಡದು. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಪ್ರತಿ ಸ್ವರಚಿಹ್ನೆಗೂ ಒತ್ತಕ್ಷರ ಮೂಡಿಸುವ ವಿರಾಮ ಚಿಹ್ನೆಗೂ ಮೂರು ಬೈಟುಗಳು ಬೇಕು. ‘ಕನ್ನಡ’ ಎಂಬ ಪದವೊಂದೇ 15 ಬೈಟುಗಳನ್ನು ಹಿಡಿಯುತ್ತದೆ. ಆದರೆ ಆ ಮೂರರಲ್ಲಿ ಮೊದಲನೆಯ ಬೈಟು ಯಾವಾಗಲೂ 224, ಎರಡನೆಯದು 178 ಅಥವಾ 179. ನಿಜವಾದ ಮಾಹಿತಿ ಬಹುಮಟ್ಟಿಗೆ ಮೂರನೆಯದರಲ್ಲೇ ಇರುವುದರಿಂದ, ಉಳಿದೆರಡರ ಹೊರೆಯನ್ನು ಡಿಫ್ಲೇಟ್ ಬಹುಪಾಲು ಇಳಿಸಿಬಿಡುತ್ತದೆ. ಕನ್ನಡ ಪಠ್ಯವನ್ನು ಕುಗ್ಗಿಸದೆ ಹಂಚುವುದು ಓದುಗರ ಫೋನಿನ ಜಾಗಕ್ಕೆ ಮಾಡುವ ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಈ ಉಳಿತಾಯಕ್ಕೆ ತೆರಬೇಕಾದ ಬೆಲೆಯೂ ಇದೆ. ಪ್ರತಿಯೊಂದು ಸೂಚನೆಯೂ ತನಗಿಂತ ಹಿಂದಿನ ಬೈಟುಗಳನ್ನು ಅವಲಂಬಿಸಿರುವುದರಿಂದ ಕುಗ್ಗಿಸಿದ ಕಡತದ ನಡುವಿಗೆ ನೇರವಾಗಿ ಜಿಗಿಯಲಾಗದು. ‘ಹ’ಕಾರದ ಪದವೊಂದರ ಅರ್ಥ ಬೇಕಾದರೂ ‘ಅ’ದಿಂದಲೇ ಬಿಡಿಸುತ್ತ ಬರಬೇಕು. ಎಸ್‌ಕ್ಯೂಲೈಟ್‌ನಂಥ ದತ್ತಸಂಚಯ (ಡೇಟಾಬೇಸ್) ಆದರೋ ಒಂದು ಪುಟದಿಂದ ಇನ್ನೊಂದಕ್ಕೆ ಹಾರುತ್ತ ಹುಡುಕುವಂತೆ ರೂಪುಗೊಂಡಿದೆ. ಆದ್ದರಿಂದ ಅನೇಕ ಆ್ಯಪ್‌ಗಳು ಮೊದಲ ಸಲ ತೆರೆದಾಗ ದತ್ತಸಂಚಯವನ್ನು ಎಪಿಕೆಯಿಂದ ಬಿಡಿಸಿ ತಮ್ಮ ಖಾಸಗಿ ಜಾಗಕ್ಕೆ ನಕಲು ಮಾಡಿಕೊಳ್ಳುತ್ತವೆ. ಆಗ ಕುಗ್ಗಿಸಿದ ಪ್ರತಿ, ಬಿಡಿಸಿದ ಪ್ರತಿ ಎರಡೂ ಫೋನಿನಲ್ಲೇ ಉಳಿಯುತ್ತವೆ.

ಆಂಡ್ರಾಯ್ಡ್‌ನ ಆರಂಭದ ದಿನಗಳಲ್ಲಿ ಇದಕ್ಕಿಂತ ದೊಡ್ಡ ತೊಡಕಿತ್ತು. 2010ರ ಕೊನೆಯಲ್ಲಿ ಬಂದ 2.3ನೇ ಆವೃತ್ತಿಗೆ ಮೊದಲು, ಬಿಡಿಸಿದಾಗ 1 ಎಂಬಿಗಿಂತ ದೊಡ್ಡದಾಗುವ ಕುಗ್ಗಿಸಿದ ಕಡತವನ್ನು ಆ್ಯಪ್ ತನ್ನ ಜೊತೆ ತರುವ ಕಡತಗಳನ್ನಿಡುವ ಅಸೆಟ್ಸ್ ಫೋಲ್ಡರಿನಿಂದ ಓದಲು ವ್ಯವಸ್ಥೆ ಬಿಡುತ್ತಿರಲಿಲ್ಲ. ಇದನ್ನು ತಪ್ಪಿಸಲು ಆ ಕಾಲದ ತಂತ್ರಜ್ಞರು ತಮ್ಮ ದತ್ತಸಂಚಯದ ಹೆಸರಿನ ಕೊನೆಗೆ ಎಂಪಿ3 ಎಂದು ಸೇರಿಸುತ್ತಿದ್ದರು. ಹಾಡು, ಚಿತ್ರ, ವಿಡಿಯೊಗಳು ಮೊದಲೇ ಕುಗ್ಗಿರುವುದರಿಂದ ಎಪಿಕೆ ಕಟ್ಟುವ ಸಾಧನ ಅವನ್ನು ಮುಟ್ಟದೆ ಹಾಗೆಯೇ ಇಡುತ್ತದೆ. ಅದು ನೋಡುವುದು ಹೆಸರಿನ ಕೊನೆಯನ್ನು ಮಾತ್ರ, ಒಳಗೇನಿದೆ ಎಂಬುದನ್ನಲ್ಲ. ಈಗ ಆ ಮಿತಿಯೂ ಇಲ್ಲ, ಆ ಉಪಾಯದ ಅಗತ್ಯವೂ ಇಲ್ಲ. ಯಾವ ಬಗೆಯ ಕಡತವನ್ನು ಕುಗ್ಗಿಸಬಾರದೆಂದು ಆ್ಯಪ್ ಕಟ್ಟುವಾಗಲೇ ಹೇಳಬಹುದು.

ಕುಗ್ಗಿಸದೆ ಇಟ್ಟ ಕಡತದ ಅನುಕೂಲವೆಂದರೆ, ಅದನ್ನು ಎಪಿಕೆಯಿಂದ ಹೊರತೆಗೆಯದೆ ನೇರವಾಗಿ ಫೋನಿನ ಸ್ಮೃತಿಗೆ (ಮೆಮೊರಿಗೆ) ಹೊಂದಿಸಿ, ಬೇಕಾದ ಭಾಗವನ್ನಷ್ಟೇ ಓದಬಹುದು. ಇದು ಸರಾಗವಾಗಿ ನಡೆಯಲೆಂದೇ ಜಿಪ್‌ಅಲೈನ್ ಎಂಬ ಸಾಧನ ಕುಗ್ಗಿಸದ ಕಡತಗಳು 4ರಿಂದ ಭಾಗವಾಗುವ ಸ್ಥಾನಗಳಲ್ಲಿ ಆರಂಭವಾಗುವಂತೆ ಜೋಡಿಸುತ್ತದೆ. ಆಂಡ್ರಾಯ್ಡ್ 11ನ್ನು ಗುರಿಯಾಗಿಟ್ಟು ಕಟ್ಟಿದ ಆ್ಯಪ್‌ಗಳಲ್ಲಿ ಸಂಪನ್ಮೂಲಗಳ (ಪರದೆಯ ಮೇಲಿನ ಪಠ್ಯ, ಚಿತ್ರ ಮುಂತಾದವುಗಳ) ಮುಖ್ಯ ಕೋಷ್ಟಕವನ್ನು ಕುಗ್ಗಿಸಿದ್ದರೆ ಫೋನು ಅವನ್ನು ಅನುಸ್ಥಾಪಿಸಲು ಒಪ್ಪುವುದೇ ಇಲ್ಲ.

ನಿಘಂಟಿನಂಥ ದೊಡ್ಡ ಪಠ್ಯಕ್ಕೆ ನಡುವಿನ ದಾರಿಯೊಂದಿದೆ, ನನಗೆ ಅದೇ ಹೆಚ್ಚು ಒಪ್ಪಿಗೆ. ಪಠ್ಯವನ್ನು ಸುಮಾರು 64 ಕೆಬಿಯ ತುಂಡುಗಳಾಗಿಸಿ, ಪ್ರತಿ ತುಂಡನ್ನೂ ಬೇರೆಬೇರೆಯಾಗಿ ಕುಗ್ಗಿಸಿ, ಯಾವ ತುಂಡು ಯಾವ ಪದದಿಂದ ಆರಂಭವಾಗುತ್ತದೆಂಬ ಸಣ್ಣ ಸೂಚಿಯನ್ನು ಜೊತೆಗಿಡುವುದು. ಹುಡುಕಿದಾಗ ಒಂದೇ ತುಂಡನ್ನು ಬಿಡಿಸಿದರೆ ಸಾಕು. ತುಂಡು ತೀರ ಚಿಕ್ಕದಾದರೆ ಹಿಂದೆ ನೋಡಿ ಎತ್ತಿಕೊಳ್ಳಲು ಪಠ್ಯವೇ ಸಾಲದೆ ಉಳಿತಾಯ ಕುಗ್ಗುತ್ತದೆ. ತೀರ ದೊಡ್ಡದಾದರೆ ಪ್ರತಿ ಹುಡುಕಾಟವೂ ನಿಧಾನವಾಗುತ್ತದೆ. ಹೀಗೆ ಕಟ್ಟಿದ ಕಡತವನ್ನು ಎಪಿಕೆಯೊಳಗೆ ಮತ್ತೊಮ್ಮೆ ಕುಗ್ಗಿಸಬಾರದು. ಗಾತ್ರ ಇನ್ನು ಇಳಿಯುವುದಿಲ್ಲ, ನೇರವಾಗಿ ಜಿಗಿಯುವ ಸೌಕರ್ಯ ಮಾತ್ರ ಕೈತಪ್ಪುತ್ತದೆ.

ದತ್ತಸಂಚಯವನ್ನೇ ನಕಲು ಮಾಡಿಕೊಳ್ಳುವ ಆ್ಯಪ್‌ಗಳು, ಜಾಗ ಮುಗಿದೋ ಬ್ಯಾಟರಿ ಆರಿಯೋ ನಕಲು ಅರ್ಧಕ್ಕೆ ನಿಂತರೆ ಏನಾಗುತ್ತದೆಂದು ಮೊದಲೇ ಯೋಚಿಸಿರಬೇಕು. ತಾತ್ಕಾಲಿಕ ಹೆಸರಿನಲ್ಲಿ ಬರೆದು, ಗಾತ್ರವನ್ನು ತಾಳೆ ನೋಡಿ, ಸರಿಯಿದ್ದರೆ ಮಾತ್ರ ನಿಜವಾದ ಹೆಸರನ್ನು ಕೊಟ್ಟರೆ, ಅರೆಬರೆ ಕಡತವನ್ನು ಪೂರ್ಣವೆಂದು ತಿಳಿದು ತೆರೆಯುವ ಪ್ರಮೇಯ ಬರುವುದಿಲ್ಲ.