ಬಾವುಟಗುಡ್ಡೆಗೆ ರಾಮಯ್ಯ ಗೌಡರು ಮತ್ತೆ ಬಂದರೆ

ಮೊನ್ನೆ ಸಂಜೆ ಮಂಗಳೂರಿನ ಬಾವುಟಗುಡ್ಡೆಯಲ್ಲಿ ಚರುಮುರಿಗೆ ಕಾಯುತ್ತಾ ನಿಂತಿದ್ದೆ. ಗಾಡಿಯವರು ಈರುಳ್ಳಿ, ಟೊಮೆಟೊ, ಮೆಣಸಿನ ಪುಡಿ ಹಾಕಿದರು. ತೆಂಗಿನೆಣ್ಣೆ ಬಿಟ್ಟು, ಚಿಟಿಕೆ ಉಪ್ಪು ಉದುರಿಸಿ ಕಲಸಿದರು. ದುಡ್ಡು ಮೊಬೈಲಿನಲ್ಲೇ ಹೋಯಿತು. ಈ ಗುಡ್ಡದ ಮೇಲೇ, 1837ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ದಂಗೆಯ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಇದೆ, 2022ರಲ್ಲಿ ನಿಲ್ಲಿಸಿದ್ದು. ಅವರೇ ಈಗ ಬಂದು ಪಕ್ಕದಲ್ಲಿ ನಿಂತರೆ ಏನು ಕೇಳಬಹುದು? ಫ್ಲೈಓವರು, ಮಾಲು ನೋಡಿ ಬೆರಗಾದಾರು. ಆದರೆ ಅವರ ಕಣ್ಣು ಆ ಚಿಟಿಕೆ ಉಪ್ಪಿನ ಮೇಲೆ ಬೀಳುತ್ತದೆ ಅಂತ ನನಗನಿಸುತ್ತದೆ. "ಇದಕ್ಕೆ ಸುಂಕ ಎಷ್ಟು?"

ಯಾಕೆ ಅಂದರೆ, 1837ರ ಆ ಜಗಳ ಶುರುವಾದದ್ದೇ ಸುಂಕದಿಂದ, ಕಂದಾಯದಿಂದ. 1834ರಲ್ಲಿ ಬ್ರಿಟಿಷರು ಕೊಡಗಿನ ಚಿಕ್ಕವೀರರಾಜೇಂದ್ರನನ್ನು ಪಟ್ಟದಿಂದ ಇಳಿಸಿದರು. ಅದುವರೆಗೆ ಕೊಡಗಿಗೆ ಸೇರಿದ್ದ ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿದರು. ಅರಸರ ಕಾಲದಲ್ಲಿ ಕಂದಾಯವನ್ನು ಬೆಳೆಯ ರೂಪದಲ್ಲೇ ಕೊಡಬಹುದಿತ್ತು. ಕಂಪನಿ ಸರಕಾರ ನಗದೇ ಬೇಕು ಎಂದಿತು.

ಕೇಳಲು ಸಣ್ಣ ಬದಲಾವಣೆ, ಅಲ್ವಾ? ರೈತನ ಮನೆಯಲ್ಲಿ ಅದು ಸಣ್ಣದಲ್ಲ. ಭತ್ತ ಅಂಗಳದಲ್ಲಿದೆ, ನಾಣ್ಯ ಕೈಯಲ್ಲಿಲ್ಲ. ಕಂದಾಯದ ಕಂತಿನ ದಿನ ಹತ್ತಿರ ಬಂದಾಗ ವ್ಯಾಪಾರಿ ಹೇಳಿದ ರೇಟಿಗೆ ಅಳೆದು ಕೊಡಬೇಕು. ಬೆಳೆ ಚೆನ್ನಾಗಿ ಬಂದರೂ ಸಾಲ ಬರುತ್ತದೆ. ದಂಗೆಯವರು ಈ ಗುಡ್ಡದ ಮೇಲೆ ಏರಿಸಿದ ಬಾವುಟದ ಕಥೆಯನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ, ಈ ಅಂಗಳದ ಕಥೆ ಹೇಳುವುದು ಕಡಿಮೆ. ನನಗೆ ಇದೇ ಮುಖ್ಯ.

ಶನಿವಾರಸಂತೆಯ ಪುಟ್ಟಬಸಪ್ಪ, ಕೊಡಗಿನ ರಾಜವಂಶದವನೆನಿಸಿದ್ದ ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಮುಂದೆ ನಿಂತ. ಮೂರು ವರ್ಷ ಕಂದಾಯ ಇಲ್ಲ, ಉಪ್ಪು ಮತ್ತು ಹೊಗೆಸೊಪ್ಪಿನ ಸುಂಕ ಇಲ್ಲ ಎಂದು ನಿರೂಪ, ಅಂದರೆ ಆದೇಶ, ಹೊರಟಿತು. ಬೆಳ್ಳಾರೆಯ ಖಜಾನೆ ವಶವಾಯಿತು. ಏಪ್ರಿಲ್ 5ರಂದು ದಂಗೆಯವರು ಮಂಗಳೂರಿಗೆ ಬಂದು ಈ ಗುಡ್ಡದ ಮೇಲೆ ಬಾವುಟ ಏರಿಸಿದರು. ಅದು ಹಾರಿದ್ದು 13 ದಿನ. ಆಮೇಲೆ ಕಂಪನಿಯ ಸೇನೆ ಬಂತು. ಪುಟ್ಟಬಸಪ್ಪನಿಗೆ ಬಿಕರ್ನಕಟ್ಟೆಯಲ್ಲಿ, ದಂಗೆಯ ಇನ್ನೊಬ್ಬ ಮುಂದಾಳು ಗುಡ್ಡೆಮನೆ ಅಪ್ಪಯ್ಯ ಗೌಡರಿಗೆ ಮಡಿಕೇರಿಯಲ್ಲಿ ಗಲ್ಲಾಯಿತು. ಬ್ರಿಟಿಷರು ಇದನ್ನು ಸುಮ್ನೆ ಒಂದು ದರೋಡೆ ಎಂಬಂತೆ ಬರೆದಿಟ್ಟರು. ಊರಿನ ಬಾಯಲ್ಲೂ ಅದು ಬಹಳ ಕಾಲ 'ಕಲ್ಯಾಣಪ್ಪನ ಕಾಟಕಾಯಿ', ಅಂದರೆ ಕಲ್ಯಾಣಸ್ವಾಮಿಯ ದಾಂಧಲೆ, ಆಗಿಯೇ ಉಳಿಯಿತು. ಅದು ನನಗೆ ಇವತ್ತಿಗೂ ನೋವಿನ ಸಂಗತಿ.

ಉಪ್ಪಿನ ಜಗಳ ಮುಂದುವರಿಯಿತು. 1930ರಲ್ಲಿ ಇದೇ ಕರಾವಳಿಯ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. 1947ರಲ್ಲಿ ಉಪ್ಪಿನ ತೆರಿಗೆ ಹೋಯಿತು. ಇವತ್ತು ಉಪ್ಪಿಗೆ ಜಿಎಸ್‌ಟಿ ಸೊನ್ನೆ. ರಾಮಯ್ಯ ಗೌಡರಿಗೆ ಇದನ್ನು ನಾನು ಖುಷಿಯಿಂದ ಹೇಳುತ್ತಿದ್ದೆ. ಹೊಗೆಸೊಪ್ಪಿನ ತೆರಿಗೆ ಮಾತ್ರ ಜಾಸ್ತಿಯೇ ಇದೆ, ಅದಕ್ಕೆ ಕಾರಣ ಬೇರೆ.

ರೇಟಿನ ವಿಷಯಕ್ಕೆ ಬಂದರೆ, ಅವರನ್ನು ಪುತ್ತೂರಿಗೆ ಕರೆದುಕೊಂಡು ಹೋಗಬೇಕು. ಅಡಿಕೆ ಧಾರಣೆ ಕುಸಿದು ಬೆಳೆಗಾರರು ಕಂಗಾಲಾಗಿದ್ದಾಗ, 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಬೆಳೆಗಾರರೇ ಸೇರಿ ಕ್ಯಾಂಪ್ಕೊ ಎಂಬ ಸಹಕಾರಿ ಸಂಸ್ಥೆ ಕಟ್ಟಿದರು. ವ್ಯಾಪಾರಿ ಹೇಳಿದ್ದೇ ರೇಟು ಎಂಬ ಸ್ಥಿತಿ ಬದಲಾಯಿತು. ಪುತ್ತೂರಿನಲ್ಲಿ ಅವರದೇ ಚಾಕೊಲೇಟ್ ಕಾರ್ಖಾನೆಯೂ ಇದೆ. ದಂಗೆ ಎದ್ದ ಸೀಮೆಯಲ್ಲೇ ಇದು ಆಯಿತಲ್ಲ ಎಂದು ಗೌಡರ ಮುಖ ಅರಳದೇ ಇರದು.

ಆಮೇಲೆ ಸುಳ್ಯ. ಅಲ್ಲಿ ಹಳದಿ ಎಲೆ ರೋಗ ಬಂದ ಅಡಿಕೆ ತೋಟಗಳಿವೆ. ಸೋಗೆಗಳು ತುದಿಯಿಂದ ಹಳದಿಯಾಗುತ್ತಾ ಬರುತ್ತವೆ, ಇಳುವರಿ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಗೌಡರು ಒಂದು ಮರಕ್ಕೆ ಕೈ ಇಟ್ಟು, ಮೇಲೆ ನೋಡಿ, ತೋಟದ ಯಜಮಾನನನ್ನು ಮೆಲ್ಲಗೆ ಕೇಳುತ್ತಾರೆ: "ಈ ವರ್ಷದ ಕಂತಿಗೆ ಏನು ಮಾಡಿದಿರಿ?"