ಎಬಿಎ: ಬೀಜದಲ್ಲೂ ಎಲೆಯಲ್ಲೂ ನೀರಿನ ಲೆಕ್ಕ ನೋಡುವ ಹಾರ್ಮೋನು

ಶೇಂಗಾ ಕೀಳುವ ಹೊತ್ತಿಗೆ ಮಳೆ ಹಿಡಿದರೆ ಸ್ಪ್ಯಾನಿಷ್ ಗೊಂಚಲು ತಳಿಗಳ ಕಾಯಿ ಮಣ್ಣಿನಲ್ಲೇ ಮೊಳೆಯುತ್ತದೆ. ರೈತರಿಗೆ ಅದು ದೊಡ್ಡ ಪೆಟ್ಟು. ಈ ತಳಿಗಳ ಬೀಜಕ್ಕೆ ಸುಪ್ತಾವಸ್ಥೆ, ಅಂದರೆ ಮೊಳೆಯದೆ ಕಾಯುವ ಸ್ಥಿತಿ, ಇಲ್ಲವೆಂದೇ ಹೇಳಬಹುದು. ಹಬ್ಬುವ ವರ್ಜೀನಿಯಾ ತಳಿಗಳಿಗೆ ಇದೆ. ಬೀಜವನ್ನು ಹೀಗೆ ತಡೆದು ನಿಲ್ಲಿಸುವ ಮುಖ್ಯ ಹಾರ್ಮೋನು ಆಬ್ಸಿಸಿಕ್ ಆಮ್ಲ, ಅಂದರೆ ಎಬಿಎ. ಶೇಂಗಾದಲ್ಲಿ ಸುಪ್ತಾವಸ್ಥೆ ಮುರಿಯುವುದರಲ್ಲಿ ಎಥಿಲೀನ್ ಎಂಬ ಅನಿಲ ಹಾರ್ಮೋನಿನ ಕೈಯೂ ಇದೆ, ಅದನ್ನು ಮರೆಯಬೇಡಿ.

ಕಾಳು ಬಲಿಯುವಾಗ ಅದರೊಳಗೆ ಎಬಿಎ ಏರುತ್ತದೆ. ಒಣಗಿದರೂ ಭ್ರೂಣ ಸಾಯದಂತೆ ಕಾಯುವ ಪ್ರೋಟೀನುಗಳು ಆಗಲೇ ತಯಾರಾಗುತ್ತವೆ. ಎಬಿಎ ಇಲ್ಲದಿದ್ದರೆ? ಜೀನ್ ಕೆಟ್ಟ ಮೆಕ್ಕೆಜೋಳದ ಗಿಡಗಳನ್ನು, ಅಂದರೆ 'ವಿವಿಪೇರಸ್' ಮ್ಯೂಟೆಂಟ್‌ಗಳನ್ನು ನೋಡಿ, ತೆನೆಯಲ್ಲೇ ಕಾಳು ಮೊಳೆತುಬಿಡುತ್ತದೆ. ಇವುಗಳಲ್ಲಿ ವಿಪಿ5 ಎಂಬ ಮ್ಯೂಟೆಂಟಿನ ಕಾಳಿಗೆ ಹಳದಿ ಬಣ್ಣವೂ ಇರುವುದಿಲ್ಲ. ಎಬಿಎ ತಯಾರಾಗುವುದು ಹಳದಿ ಬಣ್ಣ ಕೊಡುವ ಕ್ಯಾರೊಟಿನಾಯ್ಡ್‌ಗಳಿಂದ ಅಲ್ವಾ? ಅವೇ ಇಲ್ಲದಿದ್ದರೆ ಹಾರ್ಮೋನು ಎಲ್ಲಿಂದ ಬರಬೇಕು! ವಿಪಿ1 ಕಥೆ ಬೇರೆ. ಅಲ್ಲಿ ಎಬಿಎ ಇದೆ, ಕಾಳು ಅದಕ್ಕೆ ಸ್ಪಂದಿಸುವುದಿಲ್ಲ. ತಯಾರಿಕೆಯ ದೋಷ, ಸ್ಪಂದನೆಯ ದೋಷ, ಇವೆರಡನ್ನೂ ಬೇರೆಬೇರೆಯಾಗಿ ನೆನಪಿಡಿ.

ಬೀಜ ನೀರು ಹೀರಿದಾಗ ಎಬಿಎ ಇಳಿಯುತ್ತದೆ, ಮೊಳಕೆಗೆ ಪ್ರಚೋದಿಸುವ ಹಾರ್ಮೋನು ಗಿಬ್ಬರೆಲಿನ್ ಏರುತ್ತದೆ. ಬಾರ್ಲಿಯಲ್ಲಿ ಗಿಬ್ಬರೆಲಿನ್ ಕಾಳಿನ ಪಿಷ್ಟವನ್ನು ಸುತ್ತುವರಿದ ಆಲ್ಯುರೋನ್ ಪದರದಿಂದ ಅಮೈಲೇಸ್ ಎಂಬ ಕಿಣ್ವ ಹೊರಡಿಸಿ ಪಿಷ್ಟ ಕರಗಿಸುತ್ತದೆ, ಎಬಿಎ ಅದನ್ನು ತಡೆಯುತ್ತದೆ. ಮೊಳಕೆ ಬರುವುದೋ ಬೇಡವೋ ಅನ್ನುವುದು ಇವೆರಡರ ಅನುಪಾತದ ಮೇಲಿದೆ.

ಇನ್ನು ಬರ. ಮಣ್ಣು ಒಣಗಿದಾಗ ಎನ್‌ಸಿಇಡಿ ಎಂಬ, ಎಬಿಎ ತಯಾರಿಕೆಯ ಕಿಣ್ವ ಹೆಚ್ಚಾಗಿ ತಯಾರಾಗಿ, ಎಬಿಎ ಜಾಸ್ತಿಯಾಗುತ್ತದೆ. ಮುಂದಿನ ಸರಪಳಿ ಸ್ಪಷ್ಟವಾದದ್ದು 2009ರಲ್ಲಿ ಎಬಿಎಯನ್ನು ಗುರುತಿಸುವ ಪಿವೈಆರ್ ಗುಂಪಿನ ಗ್ರಾಹಕ ಪ್ರೋಟೀನುಗಳು ಸಿಕ್ಕ ಮೇಲೆ. ಸಾಮಾನ್ಯ ದಿನಗಳಲ್ಲಿ ಪಿಪಿ2ಸಿ ಪ್ರೋಟೀನುಗಳು, ಸಂಕೇತವನ್ನು ಮುಂದೆ ಸಾಗಿಸುವ ಕಿಣ್ವಗಳಾದ ಎಸ್‌ಎನ್‌ಆರ್‌ಕೆ2 ಕೈನೇಸ್‌ಗಳನ್ನು ಅದುಮಿಟ್ಟಿರುತ್ತವೆ. ಎಬಿಎ ಬಂದು ಗ್ರಾಹಕದಲ್ಲಿ ಕೂತಾಗ, ಆ ಗ್ರಾಹಕ ಪಿಪಿ2ಸಿಯನ್ನು ಹಿಡಿದು ನಿಲ್ಲಿಸುತ್ತದೆ. ಕೈನೇಸ್‌ಗಳಿಗೆ ಬಿಡುಗಡೆ. ಎಲೆಯ ಸೂಕ್ಷ್ಮ ರಂಧ್ರಗಳ ಎರಡೂ ಬದಿಯ ಕಾವಲು ಕೋಶಗಳಿಂದ ಕ್ಲೋರೈಡ್, ಪೊಟ್ಯಾಷಿಯಂ ಅಯಾನುಗಳು ಹೊರಬೀಳುತ್ತವೆ, ಹಿಂದೆಯೇ ನೀರೂ ಹೋಗುತ್ತದೆ. ಕೋಶಗಳು ಸಡಿಲಾಗಿ ಪತ್ರರಂಧ್ರ ಮುಚ್ಚುತ್ತದೆ. ಬೀಜದಲ್ಲಿ ಕೆಲಸ ಮಾಡುವುದೂ ಇದೇ ಸರಪಳಿ. ನನಗೆ ಈ ವಿಷಯದಲ್ಲಿ ತುಂಬಾ ಇಷ್ಟವಾದದ್ದು ಇದು.

ಹಾಗಾದರೆ ಎಬಿಎ ಹೆಚ್ಚಿಸಿದರೆ ಬರ ಗೆದ್ದಂತೆಯೇ? ಅಷ್ಟು ಸುಲಭವಲ್ಲ. ರಂಧ್ರ ಮುಚ್ಚಿದರೆ ಇಂಗಾಲದ ಡೈಆಕ್ಸೈಡೂ ಒಳಬರದು, ಇಳುವರಿ ಕುಗ್ಗುತ್ತದೆ. ಟೊಮೆಟೊದಲ್ಲಿ ಎನ್‌ಸಿಇಡಿ ಜೀನನ್ನು ಜೋರು ಮಾಡಿದಾಗ ಎಲೆಗಳಿಂದ ನೀರು ಹೋಗುವುದು ಕಡಿಮೆಯಾಯಿತು, ಆದರೆ ಬೀಜದ ಸುಪ್ತಾವಸ್ಥೆ ಹೆಚ್ಚಿ ಮೊಳಕೆ ತಡವಾಯಿತು.