ಐಟಿಐ ಹುಡುಗನಿಗೆ ಆರನೇ ಕ್ಲಾಸಿನ ಲೆಕ್ಕ ಕಲಿಸಿ

ಮಂಗಳೂರಿನ ಬೈಕಂಪಾಡಿ, ಯೆಯ್ಯಾಡಿ ಕಡೆಯ ವರ್ಕ್‌ಶಾಪ್ ಮಾಲೀಕರು ನನಗೆ ಫೋನ್ ಮಾಡಿದರೆ ಮಾತು ಹೆಚ್ಚುಕಮ್ಮಿ ಒಂದೇ. "ಎಂತ ಮಾಷ್ಟ್ರೇ, ನಿಮ್ಮ ಹುಡುಗರು ಇಡೀ ದಿನ ಮೊಬೈಲ್. ಒಂದು ಅಳತೆ ಸರಿಯಾಗಿ ತೆಗೆಯಲು ಬರುವುದಿಲ್ಲ." ಕೋವಿಡ್ ಕಾಲದ ಮಾತು ತೆಗೆದರೆ ಅಲ್ಲಿಗೇ ತಡೆಯುತ್ತಾರೆ. "ಶಾಲೆ ಶುರುವಾಗಿ ಎಷ್ಟು ವರ್ಷ ಆಯ್ತು ಮಾರಾಯ್ರೇ, ಇನ್ನೂ ಎಂತ ಕೋವಿಡ್?"

ಈ ಪ್ರಶ್ನೆಗೆ ಫೋನಿನಲ್ಲಿ ಉತ್ತರ ಹೇಳಿ ಮುಗಿಯುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಐಟಿಐಯಲ್ಲಿ ಟರ್ನರ್ ಕೆಲಸ, ಅಂದರೆ ಲೇತ್ ಯಂತ್ರದಲ್ಲಿ ಲೋಹ ಕಡೆಯುವ ಕೆಲಸ ಕಲಿಸುವವನು. ಒಮ್ಮೆ ಲೇತ್ ಮೇಲೆ ಒಂದು ಶಾಫ್ಟ್ ಇತ್ತು. ಅದಕ್ಕೆ 6205 ಬೇರಿಂಗ್ ಕೂರಬೇಕು, ಅಂದರೆ ವ್ಯಾಸ 25 ಮಿ.ಮೀ. ಬರಬೇಕು. ಹುಡುಗ ಅಳತೆ ತೆಗೆಯುವ ವರ್ನಿಯರ್ ಹಿಡಿದು ನೋಡಿದ. ಮೇಲಿನ ಸ್ಕೇಲಿನಲ್ಲಿ 25, ಕೆಳಗೆ ಎರಡನೇ ಗೆರೆ ಕೂಡಿದೆ. ಒಂದು ಗೆರೆಗೆ 0.02, ಎರಡಕ್ಕೆ 0.04. ಅಷ್ಟನ್ನೂ ಸರಿಯಾಗಿಯೇ ಹೇಳಿದ. ಆದರೆ ಪುಸ್ತಕದಲ್ಲಿ 25.04ರ ಬದಲು ಬರೆದದ್ದು 25.4. ಕೂಡಿಸುವಾಗ ಸೊನ್ನೆ ಬಿಟ್ಟುಹೋಗಿತ್ತು. ಇನ್ನೂ 0.4 ತೆಗೆಯಬೇಕು ಎಂದುಕೊಂಡು ಕಟ್ ಕೊಟ್ಟ. ಶಾಫ್ಟ್ 24.64ಕ್ಕೆ ಇಳಿಯಿತು. ಆ ಪೀಸ್ ಗುಜರಿಗೆ ಹೋಯಿತು.

ಇದೇ ಹುಡುಗ ಟೂಲ್ ಗ್ರೈಂಡ್ ಮಾಡುವುದರಲ್ಲಿ ಬ್ಯಾಚಿಗೇ ಮೊದಲಿಗ. ಕೈ ಅಷ್ಟು ಚೆನ್ನಾಗಿದೆ. 0.4 ಮತ್ತು 0.35ರಲ್ಲಿ ಯಾವುದು ದೊಡ್ಡದು ಎಂದು ಮೆಲ್ಲಗೆ ಕೇಳಿದೆ. "0.35 ಸರ್" ಅಂದ. ಯಾಕೆ ಅಂದರೆ, 4ಕ್ಕಿಂತ 35 ದೊಡ್ಡದಲ್ವಾ!

ದಶಮಾಂಶ ಐದು, ಆರನೇ ಕ್ಲಾಸಿನ ಪಾಠ. 2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿದಾಗ ಇವನು ಐದನೇ ಕ್ಲಾಸಿನ ಕೊನೆಯಲ್ಲಿದ್ದ. ಆರನೇ ಕ್ಲಾಸು ಬಹುಪಾಲು ಅಪ್ಪನ ಫೋನಿನಲ್ಲೇ ಹೋಯಿತು. ಆ ಫೋನ್ ಅಪ್ಪನ ಜೊತೆ ಕೆಲಸಕ್ಕೂ ಹೋಗುತ್ತಿತ್ತು. ಪರೀಕ್ಷೆ ಇಲ್ಲದೆ ಪಾಸಾಗಿ ಏಳಕ್ಕೆ ಬಂದ. 2025ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ನನ್ನ ಹತ್ತಿರ ಬಂದ.

ಶಾಲೆ ಎಷ್ಟು ತಿಂಗಳು ಮುಚ್ಚಿತ್ತು ಎಂದು ಎಲ್ಲರೂ ಲೆಕ್ಕ ಹಾಕುತ್ತಾರೆ. ಶಾಲೆ ತೆರೆದ ದಿನ ಮಗುವಿನ ಕೈಗೆ ಯಾವ ಪುಸ್ತಕ ಕೊಟ್ಟೆವು ಎಂದು ಕೇಳುವವರು ಕಡಿಮೆ. ಕೊಟ್ಟದ್ದು ಏಳನೇ ಕ್ಲಾಸಿನದು. ಆರನೆಯದು ಗೊತ್ತಿದೆ ಎಂದೇ ಆ ಪುಸ್ತಕ ಶುರುವಾಗುತ್ತದೆ. ದಶಮಾಂಶ ಗೊತ್ತಿಲ್ಲದವನಿಗೆ ಶೇಕಡಾ ಅರ್ಥವಾಗಲಿಲ್ಲ. ಶೇಕಡಾ ಬಾರದವನಿಗೆ ಎಂಟರಲ್ಲಿ ಲಾಭ-ನಷ್ಟ, ಬಡ್ಡಿ ಬರಲಿಲ್ಲ. ಒಂಬತ್ತಕ್ಕೆ ಬರುವಷ್ಟರಲ್ಲಿ ಅವನು ಗಣಿತದ ಪೀರಿಯಡ್‌ನಲ್ಲಿ ಸುಮ್ನೆ ಕೂತು ಬರುವುದನ್ನು ಕಲಿತಿದ್ದ. ಇನ್ನೊಮ್ಮೆ ಹೇಳುತ್ತೇನೆ, ಯಾಕೆಂದರೆ ಎಲ್ಲರೂ ತಪ್ಪು ತಿಳಿಯುವುದು ಇಲ್ಲೇ. ಕಲಿಕೆಯ ನಷ್ಟ ಶಾಲೆ ತೆರೆದ ದಿನಕ್ಕೆ ನಿಲ್ಲಲಿಲ್ಲ. ಬಿಟ್ಟುಹೋದ ಪಾಠಕ್ಕೆ ಯಾರೂ ವಾಪಸ್ ಹೋಗದ ಕಾರಣ ವರ್ಷ ವರ್ಷ ಬೆಳೆಯುತ್ತಾ ಬಂತು.

ಇದು ನನ್ನೊಬ್ಬನ ಊಹೆ ಅಲ್ಲ. 2005ರ ಅಕ್ಟೋಬರ್ 8ರಂದು ಕಾಶ್ಮೀರದ ಆಚೆ ಬದಿಯಲ್ಲೂ ಉತ್ತರ ಪಾಕಿಸ್ತಾನದಲ್ಲೂ ದೊಡ್ಡ ಭೂಕಂಪ ಆಯಿತು. ಅಲ್ಲಿ ಶಾಲೆಗಳು ಸರಾಸರಿ 14 ವಾರ ಮುಚ್ಚಿದ್ದವು. ನಾಲ್ಕು ವರ್ಷದ ನಂತರ ಅರ್ಥಶಾಸ್ತ್ರಜ್ಞ ಜಿಷ್ಣು ದಾಸ್ ಮತ್ತು ಸಂಗಡಿಗರು ಹೋಗಿ ನೋಡಿದರು. ಪರಿಹಾರ ಬಂದಿತ್ತು, ಮನೆಗಳು ಎದ್ದಿದ್ದವು. ಆದರೆ ಭೂಕಂಪದ ಬಿರುಕಿನ ಹತ್ತಿರದ ಮಕ್ಕಳು ದೂರದ ಮಕ್ಕಳಿಗಿಂತ ಒಂದೂವರೆಯಿಂದ ಎರಡು ವರ್ಷದಷ್ಟು ಹಿಂದಿದ್ದರು. ಹೋದದ್ದು ಮೂರು ತಿಂಗಳು ಚಿಲ್ಲರೆ, ಹಿಂದೆ ಬಿದ್ದದ್ದು ಒಂದೂವರೆಯಿಂದ ಎರಡು ವರ್ಷ! ಒಂದು ಗುಂಪಿನ ಮಕ್ಕಳು ಮಾತ್ರ ಹಿಂದೆ ಬೀಳಲಿಲ್ಲ. ತಾಯಿ ಪ್ರಾಥಮಿಕ ಶಾಲೆ ಮುಗಿಸಿದ್ದ ಮನೆಯ ಮಕ್ಕಳು.

ಇದನ್ನು ಓದಿದಾಗ ನನಗೆ ನಮ್ಮ ಬೀಡಿ ಕಟ್ಟುವ ಮನೆಗಳ ನೆನಪಾಯಿತು. ಮಡಿಲಲ್ಲಿ ಬೀಡಿಯ ತಡ್ಪೆ (ಮೊರ), ಪಕ್ಕದಲ್ಲಿ ಮಗುವಿನ ನೋಟ್‌ಬುಕ್. ಏಳನೇ ಕ್ಲಾಸು ಓದಿದ ಅಮ್ಮ ಮಗ್ಗಿ ಕೇಳುತ್ತಾ ಎಲೆ ಸುತ್ತುತ್ತಿದ್ದರು. ಅಂಥ ಮನೆಯಿಂದ ಬಂದ ಹುಡುಗರನ್ನು ನಾನು ಕ್ಲಾಸಿನಲ್ಲಿ ಕಂಡಿದ್ದೇನೆ. ಬಾಗಲಕೋಟೆ, ಕೊಪ್ಪಳ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಕುಟುಂಬಗಳು ಲಾಕ್‌ಡೌನ್‌ನಲ್ಲಿ ಊರಿಗೆ ಹೋದವು. ಆ ಮಕ್ಕಳಲ್ಲಿ ಐಟಿಐವರೆಗೆ ಬಂದವರು ನನ್ನ ಕಣ್ಣಿಗೆ ಬಿದ್ದದ್ದು ಬಹಳ ಕಡಿಮೆ. 2021ರ ಜೂನ್‌ನಲ್ಲಿ ಸುಳ್ಯ ತಾಲೂಕಿನ ಬಳ್ಳಕದ ಒಂದು ಫೋಟೊ ಎಲ್ಲರ ಮೊಬೈಲಿಗೂ ಬಂದಿತ್ತು. ನೆಟ್‌ವರ್ಕ್ ಸಿಗುವ ಜಾಗದಲ್ಲಿ ಮಗಳು ರಸ್ತೆಬದಿ ಕೂತಿದ್ದಾಳೆ, ಅಪ್ಪ ಮಳೆಗೆ ಕೊಡೆ ಹಿಡಿದು ನಿಂತಿದ್ದಾರೆ. ಕೊಡೆ ಹಿಡಿಯಲು ಪುರುಸೊತ್ತು ಇಲ್ಲದ ಅಪ್ಪಂದಿರ ಮಕ್ಕಳು ಯಾವ ಫೋಟೊದಲ್ಲೂ ಇಲ್ಲ.

"ಈಗ ಎಲ್ಲ ಸರಿಯಾಗಿದೆಯಂತೆ, ಪೇಪರ್‌ನಲ್ಲಿ ಬಂದಿದೆ" ಎನ್ನುವವರೂ ಇದ್ದಾರೆ. ಅವರು ಹೇಳುವುದು ಹಳ್ಳಿ ಮಕ್ಕಳ ಓದು, ಲೆಕ್ಕ ಪರೀಕ್ಷಿಸುವ ಅಸರ್ ಸಮೀಕ್ಷೆಯ ಅಂಕಿಗಳನ್ನು. ಹಳ್ಳಿಗಳ ಮೂರನೇ ಕ್ಲಾಸಿನ ಮಕ್ಕಳಲ್ಲಿ ಎರಡನೇ ಕ್ಲಾಸಿನ ಪಾಠ ಓದಬಲ್ಲವರು ದೇಶದಲ್ಲಿ 2018ರಲ್ಲಿ ಶೇ 27.3 ಇದ್ದರು. 2022ರಲ್ಲಿ ಶೇ 20.5ಕ್ಕೆ ಇಳಿದರು. 2024ರಲ್ಲಿ ಶೇ 27.1. ಅಂಕಿ ನಿಜವೇ. ಆದರೆ 2024ರ ಮೂರನೇ ಕ್ಲಾಸಿನವರು ಒಂದನೇ ಕ್ಲಾಸಿಗೆ ಸೇರಿದ್ದೇ 2022ರಲ್ಲಿ. ಅವರಿಗೆ ಒಂದು ಕ್ಲಾಸೂ ತಪ್ಪಿಲ್ಲ. ತಪ್ಪಿದವರು ಮುಂದಿನ ಕ್ಲಾಸುಗಳಿಗೆ ಹೋಗಿದ್ದಾರೆ. 2020ರಲ್ಲಿ ಒಂದನೇ ಕ್ಲಾಸಿಗೆ ಸೇರಿ, 2021ರ ಅಕ್ಟೋಬರ್ 25ರ ನಂತರವೇ ಶಾಲೆಯ ಬೆಂಚು ಕಂಡ ಮಗು ಎಸ್ಸೆಸ್ಸೆಲ್ಸಿ ಬರೆಯುವುದು 2030ಕ್ಕೆ. ಮಾಲೀಕರೇ, ಆ ಹುಡುಗರೂ ನಿಮ್ಮ ಗೇಟಿಗೇ ಬರಲಿದ್ದಾರೆ.

ವರ್ಕ್‌ಶಾಪಿನಲ್ಲಿ ಇದರ ನಷ್ಟ ಹೇಗೆ ಕಾಣುತ್ತದೆ ಎಂದು ಮಾಲೀಕರಿಗೆ ಹೇಳಬೇಕಾಗಿಲ್ಲ. ಹುಡುಗ ತೆಗೆದ ಅಳತೆಯನ್ನು ಸೀನಿಯರ್ ಇನ್ನೊಮ್ಮೆ ನೋಡಬೇಕು. ಒಂದು ಕೆಲಸಕ್ಕೆ ಇಬ್ಬರ ಹೊತ್ತು. ಕಂಪ್ಯೂಟರಿನಿಂದ ನಡೆಯುವ ಸಿಎನ್‌ಸಿ ಯಂತ್ರದಲ್ಲಿ ಆಫ್‌ಸೆಟ್ (ಟೂಲಿನ ಅಳತೆಯ ತಿದ್ದುಪಡಿ) ಹಾಕಲು ಅವನನ್ನು ಬಿಡುವುದಿಲ್ಲ, ಯಾಕೆಂದರೆ ಅಲ್ಲೂ ಅದೇ 0.04. ಹಾಗಾಗಿ ಹುಡುಗ ಹೆಲ್ಪರ್ ಆಗಿಯೇ ಉಳಿಯುತ್ತಾನೆ. ಆಪರೇಟರ್ ಸಂಬಳ ಅವನ ಕೈಗೆ ಬರುವುದಿಲ್ಲ. ಒಂದೆರಡು ವರ್ಷ ನೋಡಿ ಡೆಲಿವರಿ ಬೈಕ್ ಹತ್ತುತ್ತಾನೆ. ಆಮೇಲೆ ಅದೇ ಮಾಲೀಕರು "ಕೆಲಸಕ್ಕೆ ಜನ ಸಿಗುವುದಿಲ್ಲ" ಅನ್ನುತ್ತಾರೆ. ಅರ್ಜೆಂಟೀನಾದಲ್ಲಿ ಶಿಕ್ಷಕರ ಮುಷ್ಕರದಿಂದ ಪ್ರಾಥಮಿಕ ಶಾಲೆಯ ಕಾಲದಲ್ಲಿ ಸರಾಸರಿ 88 ದಿನ ಪಾಠ ತಪ್ಪಿದ ಮಕ್ಕಳ ಬಗ್ಗೆ ಅಧ್ಯಯನ ಇದೆ. 30–40ರ ವಯಸ್ಸಿನಲ್ಲಿ ಅವರ ದುಡಿಮೆ ಗಂಡಸರಲ್ಲಿ ಶೇ 3.2, ಹೆಂಗಸರಲ್ಲಿ ಶೇ 1.9 ಕಡಿಮೆ ಇತ್ತು. ನಮ್ಮ ಮಕ್ಕಳಿಗೆ ಇದೇ ಅಂಕಿ ಅನ್ವಯಿಸುತ್ತದೆ ಎಂದು ನಾನು ಹೇಳುವುದಿಲ್ಲ. ದೇಶ ಬೇರೆ, ಕಾಲ ಬೇರೆ.

ಎಲ್ಲ ಮುಗಿದೇಹೋಯ್ತು ಎಂದೂ ಹೇಳುವುದಿಲ್ಲ. ತಮಿಳುನಾಡಿನ ಹಳ್ಳಿಗಳಲ್ಲಿ ಅರ್ಥಶಾಸ್ತ್ರಜ್ಞ ಕಾರ್ತಿಕ್ ಮುರಳೀಧರನ್ ಮತ್ತು ಸಂಗಡಿಗರು ಸುಮಾರು 19,000 ಮಕ್ಕಳನ್ನು ಪರೀಕ್ಷಿಸಿದ್ದರು. ಶಾಲೆ ತೆರೆದ ಆರು ತಿಂಗಳಲ್ಲೇ ನಷ್ಟದ ಮೂರನೇ ಎರಡರಷ್ಟು ತುಂಬಿತ್ತು. ಅದರಲ್ಲಿ ಸುಮಾರು ಕಾಲು ಪಾಲು, ಸಂಜೆ ಮನೆ ಹತ್ತಿರವೇ ಸ್ವಯಂಸೇವಕರು ಮಾಡಿದ ಪಾಠದಿಂದ ಬಂದದ್ದು. ನಮ್ಮಲ್ಲೂ 2022–23ರಲ್ಲಿ ಬಿಟ್ಟುಹೋದ ಪಾಠ ತುಂಬಿಸುವ 'ಕಲಿಕಾ ಚೇತರಿಕೆ' ಎಂಬ ಸರಕಾರಿ ಕಾರ್ಯಕ್ರಮ ಇತ್ತು. ಒಳ್ಳೆಯ ಕೆಲಸ. ಆದರೆ ಅದು ಒಂದೇ ವರ್ಷದಲ್ಲಿ ಮುಗಿಯುವ ಕೆಲಸ ಆಗಿರಲಿಲ್ಲ.

ನನಗೆ ಬೇಸರ ಆಗುವುದು ಮನೆಯವರು ಹಣ ಹಾಕುವ ಜಾಗ ನೋಡಿ. ಹತ್ತನೇ ಕ್ಲಾಸಿನ ಮಗನನ್ನು ಹತ್ತನೇ ಕ್ಲಾಸಿನ ಟ್ಯೂಷನ್‌ಗೇ ಕಳಿಸುತ್ತಾರೆ. ಅಲ್ಲಿ ಮತ್ತೆ ಅದೇ ಪೋರ್ಷನ್, ಇನ್ನೂ ಜೋರಾಗಿ. ತೂತು ಇರುವುದು ಆರನೇ ಕ್ಲಾಸಿನಲ್ಲಿ. ಮೊದಲು ಐದು, ಆರನೇ ಕ್ಲಾಸಿನ ಗಣಿತ ಪುಸ್ತಕದಿಂದ ನಾಲ್ಕು ಲೆಕ್ಕ ಕೊಟ್ಟು ನೋಡಿ ಎಂದು ಟ್ಯೂಷನ್ ಟೀಚರ್‌ಗೆ ಹೇಳಿ. ನಿಂತ ಜಾಗದಿಂದ ಶುರು ಮಾಡಲಿ.

ಒಂದು ಎಚ್ಚರಿಕೆ. ಹದಿನೇಳು ವರ್ಷದ ಹುಡುಗನ ಮುಂದೆ ಎಲ್ಲರೆದುರು ಆರನೇ ಕ್ಲಾಸಿನ ಪುಸ್ತಕ ಇಟ್ಟರೆ ಅವನು ಮರುದಿನ ಬರುವುದಿಲ್ಲ. ನಾನು ವರ್ನಿಯರ್, ಡ್ರಾಯಿಂಗ್ ಇಟ್ಟುಕೊಂಡೇ ಕಲಿಸುತ್ತೇನೆ. ಹತ್ತನೇ ಭಾಗ, ನೂರನೇ ಭಾಗ ಎಂದು ಬೇರೆ ಬೇರೆ ಕಾಲಂ ಎಳೆದ ಹಾಳೆ ಕೊಟ್ಟು, ಪ್ರತಿ ಅಳತೆಯನ್ನೂ ಅದರಲ್ಲಿ ಬರೆಸುತ್ತೇನೆ. ಎಲ್ಲರಿಗೂ ಒಂದೇ ವೇಗದಲ್ಲಿ ಬರುವುದಿಲ್ಲ, ಕೆಲವರಿಗೆ ತಿಂಗಳುಗಟ್ಟಲೆ ಬೇಕು. ಶಾಫ್ಟ್ ಹಾಳು ಮಾಡಿದ ಹುಡುಗನಿಗೆ ಈಗ ಬರುತ್ತದೆ.

ಮಾಲೀಕರು ಶಿಫ್ಟ್ ಶುರುವಾಗುವ ಮೊದಲು ಹುಡುಗನಿಗೆ ಅರ್ಧ ಗಂಟೆ ಕೊಟ್ಟರೆ ಇದನ್ನು ನಿಮ್ಮ ಸೀನಿಯರ್ ಟರ್ನರ್ ಕೂಡ ಮಾಡಿಸಬಹುದು. ಹಾಳೆ ಬೇಕಾದವರು ಕೇಳಿ, ಕೊಡುತ್ತೇನೆ. ಆ ಅರ್ಧ ಗಂಟೆಗೆ ಸಂಬಳ ಮಾತ್ರ ಹಿಡಿಯಬೇಡಿ.